ಗುಲಾಬಿ ಒಸಡಿನ ಕಂಪ್ಯೂಟರು

ಅವಳು ಹಲ್ಲು ಮಾಡುತ್ತಿದ್ದಳು. ಹಲ್ಲು ಕೀಳುವವರು, ಹಲ್ಲು ತುಂಬುವವರು ಬೇರೆ; ಅವರಿಗೆ ಬಿಳಿ ಕೋಟು, ಮೇಲೆ ಕೆಳಗೆ ಹೋಗುವ ಕುರ್ಚಿ, ಗೋಡೆಗೆ ಸರ್ಟಿಫಿಕೇಟು. ಇವಳು ಮನೆಯ ಹಿಂಬದಿ ಕೋಣೆಯಲ್ಲಿ ಕೂತು, ಡಾಕ್ಟರು ಕಳಿಸಿದ ದವಡೆಯ ಸ್ಕ್ಯಾನನ್ನು ಪರದೆಯ ಮೇಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ಹೋದ ಹಲ್ಲಿನ ಜಾಗಕ್ಕೆ ಹೊಸ ಹಲ್ಲನ್ನು ರೂಪಿಸುವವಳು. ಯಾರಾದರೂ ಎದುರಿಗೆ ನಕ್ಕರೆ, ಯಾಕೆ ನಕ್ಕರು ಎಂದು ಅವಳು ಯೋಚಿಸುತ್ತಿರಲಿಲ್ಲ. ಯಾರ ಕೈಕೆಲಸ ಇದು ಎಂದು ನೋಡುತ್ತಿದ್ದಳು.

ಕಷ್ಟವಿದ್ದದ್ದು ಆ ತಿರುಗಿಸುವುದರಲ್ಲೇ. ಅವಳ ಕಂಪ್ಯೂಟರಿಗೆ ವಯಸ್ಸಾಗಿತ್ತು. ದವಡೆಯನ್ನು ಬಲಕ್ಕೆ ತಿರುಗಿಸು ಎಂದರೆ ಅದು ಮೊದಲು ನಿಟ್ಟುಸಿರು ಬಿಡುತ್ತಿತ್ತು, ಆಮೇಲೆ ಪರದೆ ಬೆಳ್ಳಗಾಗುತ್ತಿತ್ತು, ಅವಳು ಎದ್ದು ಹೋಗಿ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ದವಡೆ ಎಡಕ್ಕೆ ತಿರುಗಿರುತ್ತಿತ್ತು. "ಎಲ್ಲಿದೆಯಮ್ಮಾ ನನ್ನ ಪೇಶೆಂಟಿನ ಹಲ್ಲು?" ಎಂದು ಡಾಕ್ಟರು ಫೋನು ಮಾಡಿದಾಗಲೆಲ್ಲ ಅವಳು ಸುಳ್ಳು ಹೇಳಿ ಹೇಳಿ, ಯಾರಿಗೆ ಯಾವ ಸುಳ್ಳು ಹೇಳಿದ್ದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಹೀಗಿರುವಾಗ ಕಾರುಗಳ ವಿನ್ಯಾಸ ಮಾಡುವ ಒಂದು ಕಚೇರಿ ಜಾಗ ಬದಲಾಯಿಸುವಾಗ ತನ್ನ ಹಳೆಯ ವರ್ಕ್‌ಸ್ಟೇಷನ್‌ಗಳನ್ನು ಮಾರಿತು. ಅವಳು ಒಂದನ್ನು ತಂದಳು. ತಂದಳು ಎನ್ನುವುದಕ್ಕಿಂತ, ಆಟೋದಿಂದ ಅದನ್ನು ಇಳಿಸುವಾಗ ಗಂಡನ ಸೊಂಟ ಹಿಡಿದುಕೊಂಡಿತು ಎನ್ನುವುದು ಸರಿ. ಕಪ್ಪು, ಉಕ್ಕಿನ, ಗಡದ್ದಾದ ಪೆಟ್ಟಿಗೆ. ಹಳೆಯದಾದರೂ ಒಳಗೆ ಜಾಗ ಬೇಕಾದಷ್ಟಿತ್ತು. ಮೆದುಳು, ನೆನಪು, ಕಣ್ಣು ಮೂರನ್ನೂ ಹೊಸದು ಹಾಕಿದರೆ ಇನ್ನೊಂದಷ್ಟು ವರ್ಷ ಕುದುರೆ ಹಾಗೆ ಓಡುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು.

"ಇದೇನೇ ಇದು, ಬೀರು ತಂದ್ಯಾ?" ಎಂದರು ಅತ್ತೆ.

"ಕಂಪ್ಯೂಟರ್ ಅತ್ತೆ."

"ಇದ್ದದ್ದೊಂದು ಸತ್ತಿಲ್ಲ ಇನ್ನೂ."

ಗಂಡ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು, "ನಾನು ಇದರಲ್ಲಿ ಇಲ್ಲ" ಎಂದು ಘೋಷಿಸಿದ. ಭಾವ ಮಾತ್ರ ಇದ್ದರು. ಎಲ್ಲದರಲ್ಲೂ ಇದ್ದರು.

ಭಾವ ಎಂದರೆ ಗಂಡನ ಅಣ್ಣ. ಮದುವೆಯಾಗಿರಲಿಲ್ಲ, ಮಹಡಿ ಕೋಣೆಯಲ್ಲಿದ್ದರು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾಗಿದ್ದರು. ನಿವೃತ್ತಿಯಾದ ಮೇಲೆ ರಿಪೇರಿಗೆ ಲಿಫ್ಟು ಸಿಗದೆ ಮನೆಯ ಮೇಲೆ ಬಿದ್ದಿದ್ದರು. ಕರೆಗಂಟೆ ಅವರ ಕೈ ಸೋಕಿದಂದಿನಿಂದ ಮಾತಾಡಿರಲಿಲ್ಲ. ಬಂದವರು ಕಿಟಕಿ ಬಡಿಯುತ್ತಿದ್ದರು. ಅದಕ್ಕೇ ಅವಳು ಪೆಟ್ಟಿಗೆ ಬಿಚ್ಚುವ ಕೆಲಸವನ್ನು ಅವರು ವಾಕಿಂಗ್ ಹೋಗುವ ಹೊತ್ತಿಗೆ ಇಟ್ಟುಕೊಂಡಿದ್ದಳು. ಅವರು ಅಂದು ವಾಕಿಂಗಿಗೆ ಹೋಗಲಿಲ್ಲ. ಸ್ಕ್ರೂಡ್ರೈವರಿನ ಸದ್ದು ಅವರಿಗೆ ಮೂರು ಗೋಡೆಯಾಚೆಗೂ ಕೇಳುತ್ತಿತ್ತು.

"ನೋಡಮ್ಮಾ, ನೀನು ಸುಮ್ನೆ ಕೂತ್ಕೋ. ನಾನು ಹೇಳಿದ ಹಾಗೆ ಮಾಡು."

"ಸುಮ್ನೆ ಕೂತ್ಕೊಳ್ಳೋದೋ, ಮಾಡೋದೋ ಭಾವ?"

"ಎರಡೂ."

ಮೊದಲು ನೆನಪು. ಅವಳು ಮೆಮೊರಿ ಕಡ್ಡಿಗಳನ್ನು ಅಂಗಡಿಯಿಂದ ತಂದಿದ್ದಳು. ಒತ್ತಿದಾಗ ಟಕ್ಕೆಂದು ಕೂತವು, ನೋಡುವುದಕ್ಕೆ ಚೆನ್ನಾಗಿಯೇ ಇದ್ದವು. ಬಟನ್ ಒತ್ತಿದರೆ ಯಂತ್ರ ಕೀಂ ಕೀಂ ಎಂದು ಅಳತೊಡಗಿತು. ಬಿಚ್ಚಿ ಮತ್ತೆ ಹಾಕಿದಳು, ಅದೇ ಅಳು.

"ಹಸಿವೇನೋ ಪಾಪ" ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ವೋಲ್ಟೇಜು" ಎಂದರು ಭಾವ. ಅವರ ಪ್ರಕಾರ ಲೋಕದ ಕಾಯಿಲೆಗಳೆಲ್ಲ ವೋಲ್ಟೇಜಿನಿಂದ ಬರುತ್ತಿದ್ದವು. ಅತ್ತೆಯ ಮಂಡಿನೋವೂ ಸೇರಿ.

ವೋಲ್ಟೇಜಲ್ಲ, ಜಾತಿ. ಮನೆ ಕಂಪ್ಯೂಟರಿಗೆ ಹಾಕುವ ಕಡ್ಡಿಯೇ ಬೇರೆ, ಇಂಥ ದೊಡ್ಡ ಯಂತ್ರಗಳು ಕೇಳುವ ಕಡ್ಡಿಯೇ ಬೇರೆ. ಅಳತೆಯೊಂದೇ, ಗುಣ ಹೊಂದುವುದಿಲ್ಲ. ಅವಳು ಅದನ್ನು ಯಂತ್ರದ ಕೈಪಿಡಿಯಲ್ಲಿ ಓದಿ ತಿಳಿದು, ಅಂಗಡಿಗೆ ಹೋಗಿ, ಅಂಗಡಿಯವನ ಗೊಣಗಾಟವನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ಬದಲಾಯಿಸಿಕೊಂಡು ಬಂದಳು. ಯಂತ್ರ ಅಳು ನಿಲ್ಲಿಸಿತು.

ಮಾರನೆಯ ದಿನ ಮೆದುಳು. ಹಳೆಯ ಪ್ರೊಸೆಸರನ್ನು ತೆಗೆದು, ಬಟ್ಟೆಯ ಮೇಲಿಟ್ಟು, ಹೊಸದನ್ನು ಕೂರಿಸಿ, ಅದರ ನೆತ್ತಿಗೆ ಬಿಸಿ ಹೀರುವ ಬೂದು ಪೇಸ್ಟ್ ಹಚ್ಚುತ್ತಿದ್ದಾಗ ಭಾವ, "ಅಷ್ಟು ಸಾಕಾಗಲ್ಲ. ಟೂತ್‌ಪೇಸ್ಟ್ ತರಲಾ?" ಎಂದರು. ಅವಳು ಕೇಳಿಸದವಳಂತೆ ಫ್ಯಾನು ಬಿಗಿದಳು. ಬಟನ್ ಒತ್ತಿದಳು. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಜಪ್ಪಯ್ಯ ಅಂದರೂ ಬೆಳಗಲಿಲ್ಲ.

ಅರ್ಧ ಮಧ್ಯಾಹ್ನ ಅವಳು ತಲೆ ಕೆರೆದುಕೊಂಡಳು. ಭಾವ ಆ ಹೊತ್ತಿನಲ್ಲಿ ಭೂಮಿಯ ಸೆಳೆತದಿಂದ ಹಿಡಿದು ಪಕ್ಕದ ಮನೆಯ ಪಂಪಿನವರೆಗೆ ಎಲ್ಲದರ ಮೇಲೂ ಆರೋಪ ಹೊರಿಸಿದರು. ಕೊನೆಗೆ ಅವಳಿಗೆ ಹೊಳೆಯಿತು: ಯಂತ್ರದ ಬೋರ್ಡು ಹಳೆಯದು, ಈ ಪ್ರೊಸೆಸರು ಹುಟ್ಟುವುದಕ್ಕೆ ಮೊದಲೇ ತಯಾರಾದದ್ದು. ಈ ಹೊಸಬ ಯಾರೆಂದೇ ಅದಕ್ಕೆ ಗೊತ್ತಿಲ್ಲ. ಹಳೆಯ ಪ್ರೊಸೆಸರನ್ನೇ ವಾಪಸು ಹಾಕಿ, ಬೋರ್ಡಿನ ಬುದ್ಧಿಯನ್ನು, ಅಂದರೆ ಅದರೊಳಗಿನ ಸಾಫ್ಟ್‌ವೇರನ್ನು, ಒಮ್ಮೆ ಹೊಸದಾಗಿಸಿ, ಆಮೇಲೆ ಇವನನ್ನು ಒಳಗೆ ಬಿಡಬೇಕು.

ಬಟ್ಟೆಯ ಮೇಲೆ ಹಳೆಯ ಪ್ರೊಸೆಸರು ಇರಲಿಲ್ಲ.

"ಭಾವ, ಇಲ್ಲಿಟ್ಟಿದ್ದೆ. ಸಣ್ಣ ಚೌಕ, ಬೆಳ್ಳಿ ಬಣ್ಣದ್ದು."

"ಅದಾ? ನೀನೇ ಹೇಳಿದ್ಯಲ್ಲಾ, ಇನ್ನು ಇದು ಬೇಡ ಅಂತ."

"ಎಲ್ಲಿಟ್ರಿ?"

ಭಾವ ಊಟದ ಮೇಜಿನ ಕಡೆ ನೋಡಿದರು. ಅತ್ತೆ ಅಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡುತ್ತಿದ್ದರು. ಎಷ್ಟೋ ವರ್ಷಗಳಿಂದ ಕುಂಟುತ್ತಿದ್ದ ಮೇಜು ಅಂದು ಕುಂಟುತ್ತಿರಲಿಲ್ಲ.

ಅವಳು ಬಗ್ಗಿ ನೋಡಿದಳು. ಒಂದು ಕಾಲದಲ್ಲಿ ಕಾರುಗಳ ಆಕಾರವನ್ನೇ ಯೋಚಿಸಿದ್ದ ಮೆದುಳು ಮೇಜಿನ ಕಾಲಿನಡಿ ಮುಖ ಮೇಲೆ ಮಾಡಿ ಮಲಗಿತ್ತು.

"ಅತ್ತೆ, ಒಂದು ನಿಮಿಷ ತಟ್ಟೆ ಎತ್ತಿ."

"ಊಟದ ಮಧ್ಯ ಎಂಥದ್ದೇ ನಿಂದು? ಈಗಷ್ಟೇ ಮೇಜು ಸರಿಹೋಗಿದೆ. ಅವನು ಹುಟ್ಟಿದ ಮೇಲೆ ಮಾಡಿದ ಒಂದೇ ಒಂದು ಸರಿಯಾದ ರಿಪೇರಿ. ಅದನ್ನೂ ಕೀಳ್ತೀಯಾ?"

ಕಿತ್ತಳು. ಅತ್ತೆ ತಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದರು. ಭಾವ ಮೇಜನ್ನು ಎತ್ತಿ ಹಿಡಿದು, ಮೇಜಿಗಿಂತ ಹೆಚ್ಚು ನಡುಗುತ್ತಿದ್ದರು. ಪುಣ್ಯಕ್ಕೆ ಅಡಿಭಾಗದ ಚಿನ್ನದ ಚುಕ್ಕಿಗಳಿಗೆ ಸ್ವಲ್ಪ ನೆಲದ ಮಣ್ಣು ಮೆತ್ತಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಹಲ್ಲಿನ ಅಚ್ಚು ಒರೆಸುವ ಸ್ಪಿರಿಟಿನಿಂದ ಅವಳು ಅದನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿ, ಹಾಕಿದಳು. ಪರದೆ ಬೆಳಗಿತು. ಬೋರ್ಡು ಹೊಸ ಬುದ್ಧಿ ಕಲಿಯಿತು. ಹೊಸ ಪ್ರೊಸೆಸರು ಕೂತ ಮೇಲೂ ಬೆಳಗಿತು. ಅಷ್ಟು ಹೊತ್ತಿಗೆ ಅತ್ತೆಯ ಊಟ ಆರಿತ್ತು. ಆ ಸಿಟ್ಟಿಗೆ ಅವರು ಇಬ್ಬರೊಡನೆಯೂ ಮಾತು ನಿಲ್ಲಿಸಿದರು, ಬೈಯುವುದೊಂದನ್ನು ಬಿಟ್ಟು.

ಉಳಿದದ್ದು ಕಣ್ಣು, ಅಂದರೆ ಗ್ರಾಫಿಕ್ಸ್ ಕಾರ್ಡು, ದವಡೆ ತಿರುಗಿಸುವ ಆಸಾಮಿ. ಅದು ಇಟ್ಟಿಗೆಯಷ್ಟು ಭಾರ, ಅದಕ್ಕಿಂತ ಉದ್ದ. ಒಳಗೆ ತೂರಿಸಿದರೆ ಹಿಂದಿನ ಕಾಲದ ಡಿಸ್ಕುಗಳಿಗೆಂದು ಮಾಡಿದ ಕಬ್ಬಿಣದ ಗೂಡಿಗೆ ಮೂಗು ಒತ್ತುತ್ತಿತ್ತು. ಗೂಡು ಸ್ಕ್ರೂವಿನದಲ್ಲ, ರಿವೆಟ್ ಹೊಡೆದದ್ದು. ಅವಳಿಗೆ ಆ ಗೂಡಿನ ಅಗತ್ಯವೇ ಇರಲಿಲ್ಲ. ಹೊಸ ಡಿಸ್ಕು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟಿತ್ತು.

ಭಾವ ಮಹಡಿಗೆ ಓಡಿ ಗರಗಸ ತಂದರು.

"ಬೇಡ ಭಾವ."

"ಎರಡು ಎಳೆತ ಅಷ್ಟೇ."

"ಗರಗಸ ಕೆಳಗಿಡಿ. ಇದು ನನ್ನ ಕೆಲಸ."

ಹೌದು, ಅದು ಅವಳದೇ ಕೆಲಸವಾಗಿತ್ತು. ಅಡ್ಡ ಬಂದದ್ದನ್ನು ಕೊರೆದು ಜಾಗ ಮಾಡುವುದನ್ನೇ ಅಲ್ಲವೇ ಅವಳು ದಿನವೂ ಮಾಡುತ್ತಿದ್ದದ್ದು. ಲೋಹದ ಪುಡಿ ಬೀಳಬಾರದೆಂದು ಬೋರ್ಡನ್ನು ಪೂರ್ತಿ ಬಿಚ್ಚಿ ಹೊರಗಿಟ್ಟಳು. ಕನ್ನಡಕ, ಮಾಸ್ಕು ಹಾಕಿಕೊಂಡು, ಹಲ್ಲು ತೀಡುವ ಡ್ರಿಲ್ಲಿಗೆ ಲೋಹ ಕತ್ತರಿಸುವ ಚಕ್ರ ಸಿಕ್ಕಿಸಿದಳು. ಆ ಸುಂಯ್ ಸದ್ದು ಕೇಳಿದ್ದೇ ಗಂಡ ಅಭ್ಯಾಸಬಲದಿಂದ ಕೆನ್ನೆ ಹಿಡಿದುಕೊಂಡು ಬೀದಿಗೆ ಹೋದ. ಗೂಡು ತುಂಡಾಗಿ ಬಂತು, ಅಂಚನ್ನು ಬೆರಳು ಸವರಿದರೆ ಜಾರುವಷ್ಟು ನಯ ಮಾಡಿದಳು. ಕಾರ್ಡು ತನ್ನ ಭಾರಕ್ಕೆ ಜೋತುಬೀಳದಂತೆ ಒಂದು ಊರುಗೋಲು ಬೇಕಿತ್ತು. ಅಂಗಡಿಯಲ್ಲಿ ಸಿಗುವುದು ಈ ಪೆಟ್ಟಿಗೆಗೆ ಹೊಂದುತ್ತಿರಲಿಲ್ಲ. ಅವಳು ಅಳತೆ ತೆಗೆದು, ಮೇಣದಲ್ಲಿ ಆಕಾರ ಮಾಡಿ, ಹಲ್ಲುಸೆಟ್ಟಿನ ಒಸಡಿಗೆ ಬಳಸುವ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಳು. ಕಪ್ಪು ಉಕ್ಕಿನ ಆ ಗಂಭೀರ ಯಂತ್ರದೊಳಗೆ ಗುಲಾಬಿ ಬಣ್ಣದ ಹಸಿ ಒಸಡೊಂದು ಕಾರ್ಡನ್ನು ಹೊತ್ತು ನಿಂತಿತು.

"ಅಯ್ಯೋ, ನಾಲಿಗೆ ಚಾಚಿದ ಹಾಗಿದೆಯಲ್ಲೇ" ಎಂದು ಅತ್ತೆ ಮಾತು ಬಿಟ್ಟಿದ್ದನ್ನು ಮರೆತು ನಕ್ಕುಬಿಟ್ಟರು.

ಇನ್ನು ತಂತಿಗಳನ್ನು ಕಟ್ಟುವುದಷ್ಟೇ ಬಾಕಿ. ಅದನ್ನು ಭಾವನಿಗೆ ಬಿಟ್ಟಳು. ಗರಗಸ ಕಸಿದುಕೊಂಡಿದ್ದಕ್ಕೆ ಅಷ್ಟಾದರೂ ಕೊಡಬೇಕಿತ್ತು. ಅವರು ಪ್ಲಾಸ್ಟಿಕ್ ಕಟ್ಟುಪಟ್ಟಿಯೊಂದನ್ನು ಬಿಗಿದು, ಬಾಲ ಕತ್ತರಿಸಲು ಕತ್ತರಿ ಪಕ್ಕದಲ್ಲೇ ಇದ್ದರೂ, ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದರು.

ಟಕ್ಕೆಂದಿತು. ಪಟ್ಟಿ ಹಾಗೇ ಇತ್ತು.

ಭಾವನ ಮುಂದಿನ ಹಲ್ಲಿಗೆ ಎಂದೋ ಯಾರೋ ಒಂದು ಪಿಂಗಾಣಿ ಟೋಪಿ ಹಾಕಿದ್ದರು. ಬಚ್ಚಲುಮನೆಯ ಟೈಲ್ಸಿನಷ್ಟು ಬಿಳಿ, ಅಷ್ಟೇ ಚಪ್ಪಟೆ. ಮದುವೆಯಾಗಿ ಬಂದ ದಿನದಿಂದ ಅದನ್ನು ನೋಡಿ ನೋಡಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಈಗ ಅದು ಎರಡು ಚೂರಾಗಿ ಭಾವನ ಅಂಗೈಯಲ್ಲಿತ್ತು. ಅವಳು ಅಯ್ಯಯ್ಯೋ ಎಂದಳು. ಒಳಗೊಳಗೆ ಚಪ್ಪಾಳೆ ತಟ್ಟಿದಳು.

"ಏನೂ ಆಗಿಲ್ಲ. ಫುಮ್ನೆ ಗಾಬರಿ ಆಗಬೇಡ. ಪ್ರೊಫೆಫರ್ ಫರಿ ಇದೆಯಾ ನೋಡು" ಎಂದರು ಭಾವ. ತಮ್ಮ ದನಿ ತಮಗೇ ಕೇಳಿ ಬೆಚ್ಚಿದರು. ಬಾಯಿ ಮುಚ್ಚಿದರು.

ಮುಚ್ಚಿದ ಬಾಯಿ ತೆರೆಯಲಿಲ್ಲ. ಆ ಮನೆಯಲ್ಲಿ ಅಂಥ ಮೌನವನ್ನು ಯಾರೂ ಕಂಡಿರಲಿಲ್ಲ. ಮರುದಿನ ಅವರು ಮುಖಕ್ಕೆ ಟವೆಲು ಸುತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನು ಮಾಡಿಸಿಕೊಂಡು ಬಂದು, ಬಂದವರೇ ಪೆಟ್ಟಿಗೆಯ ಮುಂದೆ ಕೂತು ತಂತಿಗಳನ್ನು ಕಟ್ಟಿದರು. ಅವಳು ಇಣುಕಿ ನೋಡಿ ದಂಗಾದಳು. ಒಂದೊಂದು ತಂತಿಯೂ ಬೋರ್ಡಿನ ಅಂಚು ಹಿಡಿದು ನೇರ ಇಳಿದು, ಒಂದೇ ಅಳತೆಯ ತಿರುವು ತೆಗೆದುಕೊಂಡು, ಎಲ್ಲೂ ಗಾಳಿಗೆ ಅಡ್ಡ ಬಾರದೆ ಮಲಗಿತ್ತು. ಮಾತಿಲ್ಲದೆ ಕೆಲಸ ಮಾಡಿದರೆ ಭಾವ ಹೀಗೆ ಮಾಡಬಲ್ಲರು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಅವರು ಸಂದರ್ಭವನ್ನೇ ಕೊಟ್ಟಿರಲಿಲ್ಲ.

"ತುಂಬಾ ಚೆನ್ನಾಗಿದೆ ಭಾವ" ಎಂದಳು. ನಿಜವಾಗಿಯೇ ಹೇಳಿದಳು. ಅವರ ಕಿವಿ ಕೆಂಪಾಯಿತು.

ಹೊಸ ಯಂತ್ರದ ಮೇಲೆ ಮೊದಲು ತಿರುಗಿದ್ದು ಭಾವನ ದವಡೆ. ಎಂಥ ತಿರುಗುವಿಕೆ! ಬೆರಳಾಡಿಸಿದ ಕಡೆಗೆ, ಆಡಿಸಿದ ಕೂಡಲೇ, ಬೆಣ್ಣೆಯ ಮೇಲೆ ಜಾರಿದಂತೆ. ಮನೆಮಂದಿಯೆಲ್ಲ ಹಿಂದೆ ನಿಂತು ನೋಡಿದರು. ಪರದೆ ತುಂಬ ಭಾವನ ಬಾಯಿ.

"ಇಷ್ಟು ಮಾತು ಎಲ್ಲಿಂದ ಬರತ್ತೆ ಅಂತಿದ್ದೆ. ಒಳಗೆ ಭಾರಿ ಜಾಗ ಇದೆ" ಎಂದರು ಅತ್ತೆ.

ಭಾವ ಕಾಗದ ತೆಗೆದುಕೊಂಡು ಬರೆದು ತೋರಿಸಿದರು: ನೆಟ್ಟಗಿರಲಿ. ಬೆಳ್ಳಗಿರಲಿ.

"ಆಗಲ್ಲ" ಎಂದಳು ಅವಳು. "ಪಕ್ಕದ ಹಲ್ಲು ಸ್ವಲ್ಪ ವಾರೆ ಇದೆ, ಇದೂ ಸ್ವಲ್ಪ ವಾರೆ ಇರಬೇಕು. ಆಗ ನಿಮ್ಮ ಹಲ್ಲು ಅಂತ ಅನ್ಸತ್ತೆ."

ಹಿಂದೆ ಎರಡು ದಿನ ಹಿಡಿಯುತ್ತಿದ್ದ ಕೆಲಸ ಕಾಫಿ ಆರುವ ಮುಂಚೆ ಮುಗಿಯಿತು. ಅತ್ತೆ ಅವಳನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು.

"ಅವಸರ ಏನಿಲ್ಲ ಕಣೇ. ನಿಧಾನಕ್ಕೆ ಮಾಡು. ಮನೆ ಎಷ್ಟು ತಣ್ಣಗಿದೆ ನೋಡು. ನಿನ್ನೆ ನಾನು ಮಧ್ಯಾಹ್ನ ನಿದ್ದೆ ಮಾಡಿದೆ, ಗೊತ್ತಾ?"

"ಅತ್ತೆ, ಆಗಲೇ ಮುಗೀತು."

"ಯಂತ್ರ ಕೆಟ್ಟಿದೆ ಅನ್ನು."

ಅವಳಿಗೆ ಆಸೆಯಾಗಲಿಲ್ಲ ಎಂದಲ್ಲ. ಡಾಕ್ಟರಿಗೆ ಹೇಳಿದ್ದ ಸುಳ್ಳುಗಳಲ್ಲಿ ಒಂದನ್ನು ಇಲ್ಲಿಗೆ ಹೊಂದಿಸಬಹುದಿತ್ತು. ಹಾಗೇ ಮಾಡಿದಳು ಕೂಡ: ಹೊಸ ಯಂತ್ರ, ಪಳಗುವುದಕ್ಕೆ ಸಮಯ ಬೇಕು ಎಂದಳು. ಭಾವ ತಲೆಯಾಡಿಸಿ, ಯಂತ್ರದ ನೆತ್ತಿಯನ್ನು ಅನುಕಂಪದಿಂದ ಸವರಿ ಮಹಡಿ ಹತ್ತಿದರು. ಆ ಸಂಜೆ ಕೆಳಗೆ ಬರಲಿಲ್ಲ. ಅವರ ಹಳೆಯ ಜೊತೆಗಾರರು ಪಾರ್ಕಿನಿಂದ ಎರಡು ಸಲ ಫೋನು ಮಾಡಿದರಂತೆ, ಎತ್ತಲಿಲ್ಲ. ಹಲ್ಲಿಲ್ಲದೆ ಅವರ ಮುಂದೆ ಹೋಗುವುದು ಹೇಗೆ ಎಂದು ಕೂತಿದ್ದರು. ಅವಳು ಊಟಕ್ಕೆ ಕರೆಯಲು ಹೋದಾಗ ಕಿಟಕಿಗೆ ಮುಖ ಮಾಡಿ ಕೂತು ನಾಲಿಗೆಯಿಂದ ಆ ಖಾಲಿ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅವಳು ಮರುದಿನ ಬೆಳಿಗ್ಗೆಯೇ ಹಲ್ಲನ್ನು ಪಿಂಗಾಣಿಯಲ್ಲಿ ಕಡೆಸಿ, ಬಣ್ಣ ಹಚ್ಚಿ, ಕುಲುಮೆಯಲ್ಲಿ ಸುಟ್ಟು, ತಾನೇ ಭಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕೂರಿಸಿದ ಮೇಲೆ ಡಾಕ್ಟರು ಕನ್ನಡಿ ಕೊಟ್ಟರು. ಭಾವ ಎಡದಿಂದ ನೋಡಿಕೊಂಡರು, ಬಲದಿಂದ ನೋಡಿಕೊಂಡರು. ಯಾವುದು ಹೊಸದು ಎಂದು ಅವರಿಗೇ ಗೊತ್ತಾಗಲಿಲ್ಲ. ಕಣ್ಣು ಒಂದಿಷ್ಟು ಒದ್ದೆಯಾಯಿತು.

"ಸರಿಯಾಗಿದೆ" ಎಂದರು. ಮತ್ತೆ ಹೇಳಿ ನೋಡಿದರು. "ಸರಿಯಾಗಿದೆ. ಸಂತೋಷ. ಪ್ರೊಸೆಸರ್."

ಆಮೇಲೆ ತೂಬು ಒಡೆಯಿತು. ಡಾಕ್ಟರ ಕುರ್ಚಿ ಏರುವಾಗ ಯಾಕೆ ಒಂದು ಕ್ಷಣ ತಡವರಿಸುತ್ತದೆ ಎಂಬುದರಿಂದ ಮೊದಲಾಗಿ, ಬಸ್ಸಿನಲ್ಲಿ, ಬೀದಿಯಲ್ಲಿ, ಮನೆಯ ಮೆಟ್ಟಿಲ ಮೇಲೆ ಅವರು ಮಾತಾಡಿದರು. ಕಿಟಕಿ ಬಡಿದಾಗ ಬಾಗಿಲು ತೆಗೆದ ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿ ಒಳಗೆ ಹೋದರು.

ಅವಳು ತನ್ನ ಕೋಣೆಗೆ ಹೋಗಿ ಯಂತ್ರ ಹಾಕಿದಳು. ತಡವಾದ ದವಡೆಗಳು ಸಾಲುಗಟ್ಟಿ ಕಾಯುತ್ತಿದ್ದವು. ಭಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಆ ಬಾಚಿಹಲ್ಲು ನೋಡಮ್ಮಾ, ಯಾಕೋ ಎತ್ತರ ಆಯ್ತು" ಎಂದರು.

ಅವಳು ತಿರುಗಿಸಿ ನೋಡಿದಳು. ಎತ್ತರ ಆಗಿರಲಿಲ್ಲ.

"ನೋಡ್ತೀನಿ ಭಾವ" ಎಂದು ಕೆಲಸ ಮುಂದುವರಿಸಿದಳು.