ರಾಯಪ್ಪನ ಹೆಂಡತಿ ಕೊಟ್ಟ ಮಾತು

ತಾನು ವ್ರತ ತೆಗೆದುಕೊಳ್ಳುವುದಾಗಿ ಲೂರ್ದಮ್ಮ ಹೇಳಿದ ಭಾನುವಾರ, ಮಗ ಸವೇರಿ ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡ. ಸೊಸೆ ಲಹರಿ ಸಾರಿನ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು.

"ಅಕ್ಕ ಮಠಕ್ಕ ಹೋದಾಗ ಆಕಿಗೆ ಇಪ್ಪತ್ತೆರಡು ವರ್ಷ. ನಿನಗ ಅರವತ್ತು ದಾಟ್ಯಾವ," ಎಂದ ಸವೇರಿ, ಟವೆಲ್ಲಿನಲ್ಲಿ ಕೈ ಒರೆಸುತ್ತ. "ಈ ವಯಸ್ಸಿನಾಗ ಮನಿ ಬಿಟ್ಟು ಎಲ್ಲಿಗೆ ಹೋಗ್ತೀಬೇ?"

"ಮನಿ ಬಿಡತೀನಿ ಅಂತ ಯಾರಂದ್ರು? ಇಲ್ಲೇ ಇರ್ತೀನಿ. ಇದೇ ಸೀರಿ, ಇದೇ ಅಡಗಿಮನಿ. ದೇವರಿಗೆ ಒಂದು ಮಾತು ಕೊಡಾಕತ್ತೀನಿ, ಅಷ್ಟ."

ಸವೇರಿಗೆ ಅದು ಅಷ್ಟೇ ಅನ್ನಿಸಲಿಲ್ಲ. ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ.

ಅವರದು ಮುದಗಲ್ಲಿನ ಹಳೆಯ ಕಥೋಲಿಕ ಮನೆತನ. ಲೂರ್ದಮ್ಮನ ಗಂಡ ರಾಯಪ್ಪ ರೈಲ್ವೆ ನೌಕರಿ ಹಿಡಿದು ಲಿಂಗಂಪಲ್ಲಿಗೆ ಬಂದವನು, ನಿವೃತ್ತಿಯವರೆಗೂ ಅದೇ ಸ್ಟೇಷನ್ನಿನಲ್ಲಿದ್ದ. ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಲೂರ್ದಮ್ಮ ಹೊಲಿಗೆ ಯಂತ್ರ ಹಾಕಿಕೊಂಡು, ಸುತ್ತಲಿನ ಹೆಂಗಸರ ಕುಪ್ಪಸ ಹೊಲಿಯುತ್ತ ಮಕ್ಕಳನ್ನು ಬೆಳೆಸಿದಳು. ಮಗಳು ಜಸಿಂತಾ ಮಠ ಸೇರಿ ಸಿಸ್ಟರ್ ಆದಳು. ಮಗ ಮಿಯಾಪುರದ ಮೆಟ್ರೋ ಡಿಪೋದಲ್ಲಿ ಸೂಪರ್‌ವೈಸರ್ ಆಗಿ, ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡ. ರಾಯಪ್ಪ ತೀರಿಕೊಂಡ ಮೇಲೆ ಲೂರ್ದಮ್ಮ ಅಲ್ಲಿಗೆ ಬಂದಳು.

ಜಸಿಂತಾ ಸೇರಿದ್ದು, ದಾರಿ ತೋರುವ ಮರಿಯಮ್ಮನ ಹೆಸರಿನ 'ದಾರಿಮಾತೆಯ ಕುಟುಂಬ' ಎಂಬ ಬಳಗವನ್ನು. ಹೆಸರಿಗೆ ತಕ್ಕಂತೆ ಅದು ಒಂದು ಮನೆಯ ಹಾಗೇ ಇತ್ತು. ಅದರಲ್ಲಿ ಗುರುಗಳಿದ್ದರು, ಸಿಸ್ಟರುಗಳಿದ್ದರು, ಸಂಸಾರದಲ್ಲಿದ್ದುಕೊಂಡೇ ಪ್ರಾರ್ಥನೆ ಸೇವೆಗಳಿಗೆ ಬದ್ಧರಾದ ಗಂಡ ಹೆಂಡಿರಿದ್ದರು. ವಿಧವೆಯರಿಗೂ ಅದರಲ್ಲಿ ಒಂದು ಶಾಖೆಯಿತ್ತು. ಮತ್ತೆ ಮದುವೆಯಾಗುವುದಿಲ್ಲ, ಸರಳವಾಗಿ ಬದುಕುತ್ತೇನೆ, ಬಳಗದ ಹಿರಿಯರ ಮಾತಿನಂತೆ ನಡೆಯುತ್ತೇನೆ ಎಂದು ವ್ರತ ತೊಟ್ಟು, ತಮ್ಮ ತಮ್ಮ ಮನೆಗಳಲ್ಲೇ ಉಳಿಯುವವರ ಶಾಖೆ. ತೆಲಂಗಾಣದಲ್ಲಿ ಅಲ್ಲಿಯವರೆಗೆ ಅದಕ್ಕೆ ಯಾರೂ ಸೇರಿರಲಿಲ್ಲ.

ಲೂರ್ದಮ್ಮನಿಗೆ ಆ ಕಡೆ ಮನಸ್ಸು ತಿರುಗಿದ್ದು 'ಸಾಂತ್ವನ ಸದನ'ದಲ್ಲಿ. ಗುಣವಾಗದ ಕಾಯಿಲೆಯವರನ್ನು ಕೊನೆಯ ತನಕ ನೋಡಿಕೊಳ್ಳಲು ಬಳಗದ ಸಿಸ್ಟರುಗಳು ಲಿಂಗಂಪಲ್ಲಿಯ ಹೊರಗೆ ನಡೆಸುವ ಮನೆ ಅದು. ರಾಯಪ್ಪ ಕಣ್ಣು ಮುಚ್ಚಿದ್ದೂ ಅಲ್ಲೇ. ಅವನು ಹೋದ ಮೇಲೂ ಲೂರ್ದಮ್ಮ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ರೋಗಿಗಳಿಗೆ ತಲೆ ಬಾಚುವುದು, ಗಂಜಿ ಕುಡಿಸುವುದು, ಸುಮ್ಮನೆ ಪಕ್ಕದಲ್ಲಿ ಕೂರುವುದು.

ಒಮ್ಮೆ ಯಾದಗಿರಿ ಕಡೆಯ ಹೆಂಗಸೊಬ್ಬಳನ್ನು ಅಲ್ಲಿಗೆ ತಂದು ಬಿಟ್ಟರು. ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳು. ಹೆಸರು ಸಾಬವ್ವ. ತೆಲುಗೂ ಬಾರದು, ಹಿಂದಿಯೂ ಬಾರದು. ಸಿಸ್ಟರುಗಳು ಏನು ಕೇಳಿದರೂ ಗೋಡೆ ನೋಡುತ್ತಿದ್ದಳು. ಲೂರ್ದಮ್ಮ ಮಂಚದ ಅಂಚಿನಲ್ಲಿ ಕೂತು, "ಎಲ್ಲಿ ನೋಯಾಕತ್ತೈತಿ, ತಂಗಿ?" ಎಂದದ್ದೇ ತಡ, ಆಕೆ ಲೂರ್ದಮ್ಮನ ಕೈ ಹಿಡಿದುಕೊಂಡು ಹೊತ್ತು ಮುಳುಗುವ ತನಕ ಬಿಡಲಿಲ್ಲ. ಅಂದಿನಿಂದ ಪ್ರತಿ ಸಂಜೆ ಲೂರ್ದಮ್ಮ ಹೊರಡುವಾಗ ಆಕೆಯದು ಒಂದೇ ಪ್ರಶ್ನೆ: "ನಾಳೆ ಬರ್ತೀಯಿಲ್ಲೋ?"

"ಬರ್ತೀನಿ," ಎನ್ನುತ್ತಿದ್ದಳು ಲೂರ್ದಮ್ಮ. ಸಾಬವ್ವ ತೀರಿಕೊಂಡ ದಿನ ಸದನದ ಪ್ರಾರ್ಥನಾಲಯದಲ್ಲಿ ಕೂತಾಗ ಅವಳಿಗೆ ಅನ್ನಿಸಿತು, ಆ 'ಬರ್ತೀನಿ' ಎಂಬ ಮಾತನ್ನು ಒಬ್ಬಳಿಗಲ್ಲ, ಉಳಿದ ಆಯುಷ್ಯಕ್ಕೆಲ್ಲ ಕೊಟ್ಟುಬಿಡಬೇಕು ಎಂದು. ದೈವಕರೆ ಎಂಬುದು ಹರೆಯದವರಿಗೆ ಬರುವಂಥದ್ದು ಎಂದೇ ತಿಳಿದಿದ್ದ ಅವಳಿಗೆ ಇದನ್ನು ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ. ಕೊನೆಗೆ ಸದನದ ಗುರು ಫಾದರ್ ಇನ್ನಯ್ಯನವರಿಗೆ ಹೇಳಿದಳು. ಅವರು ನಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಸದನಕ್ಕೆ ಬಂದಾಗಲೇ ಎರಡು ವರ್ಷ ತರಬೇತಿ ಕೊಟ್ಟರು. ಆಮೇಲೆ, "ಮಕ್ಕಳಿಗೆ ಹೇಳಮ್ಮ. ಮರೆಯಲ್ಲಿ ಮಾಡುವ ಕೆಲಸ ಅಲ್ಲ ಇದು," ಎಂದರು.

ಹಾಗೆ ಹೇಳಿದ್ದಕ್ಕೇ ಆ ಭಾನುವಾರ ಸವೇರಿ ಊಟ ಬಿಟ್ಟು ಎದ್ದದ್ದು.

ನಾಲ್ಕಾರು ದಿನ ಸವೇರಿ ತಾಯಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದ. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಬೂಟಿನ ಲೇಸು ಕಟ್ಟುತ್ತ ಕೇಳಿದ:

"ನಾ ಏನು ಕಮ್ಮಿ ಮಾಡೀನಿ, ಹೇಳು. ನಾಳೆ ಮುದಗಲ್ಲಿನ ಮಂದಿ ಏನಂತಾರ? ಮಗ ಸೊಸಿ ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕ ಮುದುಕಿ ಮಠ ಹಿಡಿದಳು ಅಂತಾರ."

"ನೀ ಚೊಲೋ ನೋಡಿಕೊಂಡಿ ಅಂತನ ನನಗ ಬ್ಯಾರೆ ಯೋಚನಿ ಮಾಡಾಕ ಪುರಸೊತ್ತು ಸಿಕ್ತು."

"ಸೇವಾ ಮಾಡು, ಯಾರು ಬ್ಯಾಡಂದ್ರು? ಅದಕ್ಕ ವ್ರತ ಯಾಕ ಬೇಕು?"

ಲೂರ್ದಮ್ಮ ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿದಳು. "ನಿಮ್ಮಪ್ಪ ನನ್ನ ಜೋಡಿ ಸುಮ್ನ ಇರಬಹುದಿತ್ತಲ್ಲೋ? ಚರ್ಚಿನ ಪೀಠದ ಮುಂದ ನಿಂತು, ನಾಕು ಮಂದಿ ಕೇಳೋ ಹಂಗ ಮಾತು ಕೊಟ್ಟು ಯಾಕ ಮದುವಿ ಆದ?"

ಸವೇರಿ ಹೆಲ್ಮೆಟ್ ತೆಗೆದುಕೊಂಡು ಹೋದ.

ಎದುರು ಮನೆಯ ಯಮುನಾಬಾಯಿಗೆ ವಿಷಯ ತಿಳಿದದ್ದು ಲಹರಿಯಿಂದ. ಕಲಬುರಗಿ ಕಡೆಯ ಬ್ರಾಹ್ಮಣರ ಹೆಂಗಸು. ಗಂಡ ಪ್ರಹ್ಲಾದರಾವ್ ಸರ್ಕಾರಿ ನೌಕರಿಯಲ್ಲಿದ್ದು, ನಿವೃತ್ತರಾಗಿ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಮಿಯಾಪುರದಂಥ ಊರಲ್ಲಿ ಎದುರು ಬಾಗಿಲಲ್ಲೇ ಕನ್ನಡ ಸಿಕ್ಕಿದ್ದು ಇಬ್ಬರಿಗೂ ದೊಡ್ಡ ಅನುಕೂಲವಾಗಿತ್ತು.

"ಅಲ್ರಿ ಲೂರ್ದಮ್ಮ, ನಿಮ್ಮಾಗ ತಲಿ ಬೋಳಸ್ತಾರೇನ್ರಿ?" ಎಂದು ಕೇಳಿದರು, ದನಿ ತಗ್ಗಿಸಿ.

"ಇಲ್ರಿ ಬಾಯಿ. ಎಣ್ಣಿ ಹಚ್ಚಿ ಬಾಚಿಕೊಂಡ ಬಾ ಅಂದಾರ," ಎಂದು ಲೂರ್ದಮ್ಮ ನಕ್ಕಳು. ಯಮುನಾಬಾಯಿಯೂ ನಕ್ಕರು.

ಅದೇ ತಿಂಗಳು ಲೂರ್ದಮ್ಮನ ತಮ್ಮನ ಮಗಳ ಮದುವೆ ಸಿಕಂದರಾಬಾದಿನಲ್ಲಿತ್ತು. ಮದುಮಗಳ ಕುಪ್ಪಸವನ್ನು ಲೂರ್ದಮ್ಮನೇ ಹೊಲಿದಿದ್ದಳು. ಹಿಂದಿನ ದಿನ ಅರಿಶಿನದ ಶಾಸ್ತ್ರ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಬಟ್ಟಲು ಕೈಯಿಂದ ಕೈಗೆ ಬಂದು ಲೂರ್ದಮ್ಮನ ಮುಂದೆ ನಿಂತಾಗ, ಹುಡುಗಿಯ ತಾಯಿಯ ಅಕ್ಕ ಮೆಲ್ಲಗೆ ಅದನ್ನು ಎತ್ತಿಕೊಂಡಳು.

"ಲೂರ್ದವ್ವ, ನೀ ಸ್ವಲ್ಪ ಹಿಂದ ನಿಂದ್ರು. ಮುತ್ತೈದೇರು ಹಚ್ಚಲಿ."

ಗದರಿದ್ದಲ್ಲ, ಬೇಕೆಂದು ನೋಯಿಸಿದ್ದೂ ಅಲ್ಲ. ಎಲ್ಲ ಮದುವೆಗಳಲ್ಲೂ ನಡೆಯುವ ಮಾತು. ಲೂರ್ದಮ್ಮ ಮುಗುಳ್ನಕ್ಕು ಹಿಂದೆ ಸರಿದು, ಕುರ್ಚಿಗಳನ್ನು ಪೇರಿಸಿಟ್ಟಿದ್ದ ಗೋಡೆಯ ಬಳಿ ನಿಂತಳು. ಬಾಗಿಲಲ್ಲಿದ್ದ ಸವೇರಿ ಅದನ್ನು ನೋಡಿದ. ಒಳಗೆ ಒಂದು ಹೆಜ್ಜೆ ಇಟ್ಟ. ಸುತ್ತಲೂ ಸೋದರಮಾವಂದಿರು, ಫೋಟೋದವರು, ಡೋಲಿನ ಸದ್ದು. ಮತ್ತೆ ಬಾಗಿಲಿಗೇ ಸರಿದ.

ಮರುದಿನ ಮದುವೆ ಮುಗಿಸಿಕೊಂಡು ಮೆಟ್ರೋದಲ್ಲಿ ಹಿಂದಿರುಗಿದರು. ಅಮೀರ್‌ಪೇಟ್‌ನಲ್ಲಿ ಗಾಡಿ ಬದಲಿಸುವಾಗ, ಕೋಚಿಂಗ್ ಮುಗಿಸಿದ ಹುಡುಗ ಹುಡುಗಿಯರ ನೂಕುನುಗ್ಗಲಿನಲ್ಲಿ, ಸವೇರಿ ತಾಯಿಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ. ಮಿಯಾಪುರದ ಗಾಡಿಯಲ್ಲಿ ಅವಳಿಗೆ ಸೀಟು ಸಿಕ್ಕಿತು. ಅವನು ಎದುರು ನಿಂತ. ಎರಡು ಸ್ಟೇಷನ್ ದಾಟಿದ ಮೇಲೆ ಬಗ್ಗಿ ಕೇಳಿದ:

"ಅವ್ವಾ, ಆ ನಿಮ್ಮ ಬಳಗದಾಗೂ ವಿಧವೆ ಅಂತ ಹಿಂದ ನಿಂದ್ರಸ್ತಾರೇನು?"

ಲೂರ್ದಮ್ಮ ತಲೆಯೆತ್ತಿದಳು. ಅವನ ಕಣ್ಣು ಕೆಂಪಾಗಿದ್ದವು.

"ಇಲ್ಲಪ್ಪ. ವಿಧವೆ ಅದಾಳ ಅಂತನ ಮುಂದ ಕರೀತಾರ."

"ಅಂದ್ರ?"

"ಗಂಡ ಸತ್ತದ್ದನ್ನ ಮುಚ್ಚಿಡಂಗಿಲ್ಲ ಅಲ್ಲಿ. ಇಂಥವನ ಹೆಂಡತಿ, ಇಷ್ಟು ವರ್ಷ ಬಾಳೇವು ಮಾಡಿದಾಕಿ, ಅವನ್ನ ಮಣ್ಣಿಗೆ ಕೊಟ್ಟಾಕಿ ಅಂತ ಹೆಸರು ಹೇಳಿ ಕರೀತಾರ. ಆ ಬಾಳೇವು, ಆ ದುಃಖ ಎಲ್ಲಾ ಸೇರಿಸಿನ ಕಾಣಿಕಿ ಅಂತ ತಗೋತಾರ. ನಾ ನಿಮ್ಮಪ್ಪನ ಹೆಂಡತಿ ಅಲ್ಲ ಅಂತ ಆಗೂದಿಲ್ಲ, ಸವೇರಿ. ಅವನ ಹೆಂಡತಿಯಾಗೇ ಹೋಗಿ ನಿಂದರ್ತೀನಿ."

ಸವೇರಿ ಕಿಟಕಿಯಾಚೆ ನೋಡಿದ. ಗಾಡಿ ಕೂಕಟ್‌ಪಲ್ಲಿ ದಾಟಿತು. ಇಳಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳಿದ. "ಅಕ್ಕನ ವ್ರತದ ದಿನ ನೀನೂ ಅಪ್ಪನೂ ಆಕಿನ್ನ ಪೀಠದ ತನಕ ಕರಕೊಂಡು ಹೋಗಿದ್ರಿ. ನಿನ್ನ ಯಾರು ಕರಕೊಂಡು ಹೋಗ್ತಾರ?"

"ನಮ್ಮವ್ವ ನಮ್ಮಪ್ಪ ಎಲ್ಲಿಂದ ಬರಬೇಕು? ಜಸಿಂತಾ ಬರ್ತಾಳ."

"ಆಕಿ ಒಂದು ಕಡೆ ಬರಲಿ," ಎಂದ ಸವೇರಿ. "ಇನ್ನೊಂದು ಕಡೆ ನಾ ಇರ್ತೀನಿ."

ವ್ರತಸ್ವೀಕಾರ ಒಂದು ಶನಿವಾರ ಬೆಳಿಗ್ಗೆ ಸಾಂತ್ವನ ಸದನದಲ್ಲೇ ನಡೆಯಿತು. ಪ್ರಾರ್ಥನಾಲಯ ಚಿಕ್ಕದು, ಬಾಗಿಲುಗಳನ್ನೆಲ್ಲ ತೆರೆದು ವರಾಂಡದವರೆಗೆ ಕುರ್ಚಿ ಹಾಕಿದ್ದರು. ಎದ್ದು ಕೂರಬಲ್ಲ ರೋಗಿಗಳನ್ನು ಗಾಲಿಕುರ್ಚಿಗಳಲ್ಲಿ ತಂದು ಮುಂದಿನ ಸಾಲಿನಲ್ಲಿ ಇರಿಸಿದ್ದರು. ಬಳಗದ ಗುರುಗಳು, ಸಿಸ್ಟರುಗಳು, ದಂಪತಿಗಳು ಎಲ್ಲೆಲ್ಲಿಂದಲೋ ಬಂದಿದ್ದರು. ಡಿಪೋದ ಇಬ್ಬರು ಗೆಳೆಯರನ್ನು ಸವೇರಿ ತಾನಾಗಿ ಕರೆದಿದ್ದ. ಇಳಕಲ್ ಸೀರೆ ಉಟ್ಟು ಯಮುನಾಬಾಯಿಯೂ ಬಂದು ಕಂಬದ ಬದಿಯಲ್ಲಿ ಕೂತಿದ್ದರು.

ಪೂಜೆ ತೆಲುಗಿನಲ್ಲಿ ನಡೆಯಿತು. ಪ್ರವಚನ ಮುಗಿದ ಮೇಲೆ ಫಾದರ್ ಇನ್ನಯ್ಯ ಮೈಕಿನ ಮುಂದೆ ಬಂದರು. ತಾವು ಕಲಿತುಕೊಂಡು ಬಂದಿದ್ದ ಕನ್ನಡದಲ್ಲಿ, ಪ್ರತಿ ಪದವನ್ನೂ ಬಿಡಿಸಿ ಕರೆದರು:

"ಮುದಗಲ್ಲಿನ ರಾಯಪ್ಪನವರ ವಿಧವೆ ಲೂರ್ದಮ್ಮನವರು ಮುಂದೆ ಬರಬೇಕು."

"ಬಂದೆ, ಸ್ವಾಮಿ," ಎಂದಳು ಲೂರ್ದಮ್ಮ.

ಬಲಕ್ಕೆ ಬಿಳಿಯ ಉಡುಪಿನಲ್ಲಿ ಜಸಿಂತಾ, ಎಡಕ್ಕೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸವೇರಿ. ನಡುವಿನ ದಾರಿ ಮೂರು ಜನಕ್ಕೆ ಸಾಲದಷ್ಟು ಕಿರಿದಾಗಿತ್ತು. ಸವೇರಿ ಓರೆಯಾಗಿ ನಡೆದ, ಆದರೆ ಕೈ ಬಿಡಲಿಲ್ಲ. ಎರಡೂ ಬದಿಯ ಜನ ಎದ್ದು ನಿಂತರು. ಗಾಲಿಕುರ್ಚಿಯಲ್ಲಿದ್ದ ಮುದುಕರೊಬ್ಬರು ಏಳಲಾರದೆ ಎರಡೂ ಕೈ ಎತ್ತಿ ಮುಗಿದರು. ತನ್ನ ತಾಯಿಗಾಗಿ ಇಷ್ಟು ಜನ ಎದ್ದು ನಿಂತದ್ದನ್ನು ಸವೇರಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನಿಗೆ ಅರಿವಿಲ್ಲದೆಯೇ ಎದೆ ಮುಂದೆ ಬಂದು, ಕುತ್ತಿಗೆ ನೆಟ್ಟಗಾಯಿತು.

ಪೀಠದ ಮುಂದೆ ಲೂರ್ದಮ್ಮ ಮೊಣಕಾಲೂರಿದಳು. ವ್ರತದ ಮಾತುಗಳನ್ನು ತನ್ನ ಭಾಷೆಯಲ್ಲೇ ಹೇಳುತ್ತೇನೆಂದು ಮೊದಲೇ ಕೇಳಿಕೊಂಡಿದ್ದಳು. ಕಾಗದವಿಲ್ಲದೆ, ಗಟ್ಟಿಯಾಗಿ ಹೇಳಿದಳು:

"ಪ್ರಭುವೇ, ನನ್ನ ಗಂಡನಿಗೆ ಕೊಟ್ಟ ಮಾತನ್ನು ಅವನ ಕೊನೆಯ ಉಸಿರಿನ ತನಕ ನಡೆಸಿದೆ. ನನ್ನ ಉಳಿದ ಆಯುಷ್ಯದ ಮಾತನ್ನು ಈಗ ನಿನಗೆ ಕೊಡುತ್ತಿದ್ದೇನೆ. ಒಂಟಿತನವನ್ನು ನಿನ್ನ ಪ್ರೀತಿಗೆ, ಇರುವುದನ್ನು ಇಲ್ಲದವರಿಗೆ, ನನ್ನ ಇಷ್ಟವನ್ನು ನಿನ್ನ ಇಷ್ಟಕ್ಕೆ ಒಪ್ಪಿಸುತ್ತೇನೆ. ನೀನು ಕರೆದಲ್ಲಿಗೆ ಬರುತ್ತೇನೆ."

ದಾರಿಮಾತೆಯ ಚಿಕ್ಕ ಬೆಳ್ಳಿ ಪದಕವನ್ನು ಫಾದರ್ ಮಂತ್ರಿಸಿ ಲಹರಿಯ ಕೈಗೆ ಕೊಟ್ಟರು. ಅತ್ತೆಯ ಕೊರಳಿಗೆ ಅದನ್ನು ಕಟ್ಟುವಾಗ ಲಹರಿಯ ಕೈಯಲ್ಲಿ ದಾರದ ಗಂಟು ಎರಡು ಸಲ ಜಾರಿತು. ಆಮೇಲೆ ಬಳಗದವರೆಲ್ಲ ಒಬ್ಬೊಬ್ಬರಾಗಿ ಬಂದು ಲೂರ್ದಮ್ಮನನ್ನು ಅಪ್ಪಿಕೊಂಡರು. ಜಸಿಂತಾ ಕಣ್ಣೊರೆಸಿಕೊಂಡು, "ಬಳಗಕ್ಕ ನಾ ಮೊದಲು ಬಂದಾಕಿ. ಇನ್ಮ್ಯಾಲೆ ನೀ ನನಗ ಅವ್ವನೂ ಹೌದು, ತಂಗಿನೂ ಹೌದು," ಎಂದಳು.

"ಹಿರೇತನ ಮಾಡಾಕ ಬರಬ್ಯಾಡ ನನ್ನ ಮುಂದ," ಎಂದಳು ಲೂರ್ದಮ್ಮ. ಸುತ್ತಲಿದ್ದವರು ನಕ್ಕರು.

ಊಟದ ಹೊತ್ತಿಗೆ ಡಿಪೋದ ಗೆಳೆಯನೊಬ್ಬ ಸವೇರಿಯನ್ನು ಹಿಂದಿಯಲ್ಲಿ ಕೇಳಿದ, ನಿಮ್ಮ ತಾಯಿಗೆ ಏನು ಪದವಿ ಸಿಕ್ಕಿತು ಎಂದು. ಸವೇರಿ ಅನ್ನದ ಬಟ್ಟಲು ಕೆಳಗಿಟ್ಟು, ಇಡೀ ತೆಲಂಗಾಣದಲ್ಲಿ ಇಂಥ ವ್ರತ ತೊಟ್ಟ ಮೊದಲನೆಯವಳು ನಮ್ಮವ್ವ ಎಂದು ವಿವರಿಸತೊಡಗಿದ. ಗೆಳೆಯನ ತಟ್ಟೆಯ ಅನ್ನ ಆರುವ ತನಕ ನಿಲ್ಲಿಸಲಿಲ್ಲ.

ಮನೆಗೆ ಮರಳುವಾಗ ಆಟೋದಲ್ಲಿ ಯಮುನಾಬಾಯಿ ಲೂರ್ದಮ್ಮನ ಕೈ ಮೇಲೆ ಕೈ ಇಟ್ಟು ಹೇಳಿದರು:

"ನಮ್ಮವರು ಹೋದ ಮ್ಯಾಲೆ ವಿಧವೆ ಅನ್ನೂ ಆ ಶಬ್ದ ನನ್ನ ಮುಂದ ಯಾರೂ ಆಡವಲ್ರು. ಪಿಸುಪಿಸು ಅಂತಾರ, ನಾ ಬಂದ್ರ ಸುಮ್ಮನಾಗ್ತಾರ. ಇವತ್ತ ಮೈಕಿನಾಗ ಕರದ್ರಲ್ರಿ, ಏನೋ ದರ್ಬಾರಿಗೆ ಕರದಂಗ. ನನಗ ಮೈ ಝುಮ್ಮಂತು."

"ಸದನದಾಗ ಕನ್ನಡದವರು ಇಬ್ರು ಬಂದಾರ್ರಿ ಬಾಯಿ," ಎಂದಳು ಲೂರ್ದಮ್ಮ. "ಒಬ್ಬಾಕಿಗೆ ದಾಸರ ಪದ ಕೇಳೂ ಆಸೆ. ನನಗ ಬರೂದಿಲ್ಲ. ನೀವು ಬರ್ತೀರೇನು?"

ಮುಂದಿನ ವಾರದಿಂದ ಯಮುನಾಬಾಯಿ ಬರತೊಡಗಿದರು. ಅವರ ದೇವರು ಅವರಿಗೆ, ಇವರ ದೇವರು ಇವರಿಗೆ; ಕೆಲಸ ಒಂದೇ ಮಂಚದ ಎರಡು ಬದಿಯಲ್ಲಿ ನಡೆಯಿತು.

ಈಗ ಲೂರ್ದಮ್ಮ ಒಬ್ಬಳೇ ಅಲ್ಲ. ಜಹೀರಾಬಾದಿನ ಒಬ್ಬ ಶಿಕ್ಷಕಿ, ಪಟಾನ್‌ಚೆರುವಿನ ಒಬ್ಬ ನರ್ಸ್, ಇಬ್ಬರೂ ಗಂಡನನ್ನು ಕಳೆದುಕೊಂಡವರು, ತರಬೇತಿಯಲ್ಲಿದ್ದಾರೆ. ಅವರ ಹೊಣೆಯನ್ನು ಬಳಗ ಲೂರ್ದಮ್ಮನಿಗೇ ವಹಿಸಿದೆ. ಅವರು ಮಿಯಾಪುರದ ಮನೆಗೆ ಮೊದಲ ಸಲ ಬಂದ ದಿನ ಬಾಗಿಲು ತೆರೆದವನು ಸವೇರಿ. ಒಳಗೆ ಕೂರಿಸಿ, ಫ್ಯಾನು ಹಾಕಿ, ತಾಯಿ ಹೊರಗೆ ಬರುವ ಮುಂಚೆಯೇ ತೆಲುಗಿನಲ್ಲಿ ಅವರಿಗೆ ಶಾಖೆಯ ನಿಯಮಗಳನ್ನೂ, ವ್ರತಗಳ ಅರ್ಥವನ್ನೂ, ತನ್ನ ತಾಯಿ ಎಲ್ಲರಿಗಿಂತ ಮೊದಲು ಹೇಗೆ ಧೈರ್ಯ ಮಾಡಿದಳೆಂಬುದನ್ನೂ ಹೇಳತೊಡಗಿದ್ದ.

"ಸಾಕು ಬಿಡೋ, ಮೊದಲು ಅವರಿಗೆ ಕುಡಿಯಾಕ ನೀರು ಕೊಡು," ಎಂದು ಲೂರ್ದಮ್ಮ ಒಳಗಿನಿಂದ ಕೂಗಿದಳು.

ಸವೇರಿ ನೀರು ತಂದುಕೊಟ್ಟ. ಲೋಟ ಕೆಳಗಿಟ್ಟ ಕೂಡಲೇ ಬಿಟ್ಟಲ್ಲಿಂದ ಮತ್ತೆ ಶುರುಮಾಡಿದ.