ಅಂಗಡಿಯ ಗಂಟೆ

ಸಂಜೆ ಆರು ಗಂಟೆ ಹತ್ತೊಂಬತ್ತು ನಿಮಿಷ. ಫಕ್ಕೀರಪ್ಪನ ಆಟೋ ಎಣ್ಣೆಗಾಣದ ಗಲ್ಲಿಯಿಂದ ಹೊರಗೆ ಬಂತು. ನನ್ನ ದಾಖಲೆಯಲ್ಲಿ ಹಾಗಿದೆ.

ನಾನು ಒಂದು ಡಿವಿಆರ್. ಕ್ಯಾಮೆರಾ ಕಂಡದ್ದನ್ನು ಇಪ್ಪತ್ತು ದಿನ ಒಡಲಲ್ಲಿ ಇಟ್ಟುಕೊಳ್ಳುವ ಕಪ್ಪು ಪೆಟ್ಟಿಗೆ. ಹುಟ್ಟಿದ ಕಾರ್ಖಾನೆಯ ನೆನಪಿಲ್ಲ. ನನಗೆ ತಿಳಿವಳಿಕೆ ಬಂದದ್ದು ವಿರೂಪಾಕ್ಷಪ್ಪನವರ ಬೇಕರಿಯಲ್ಲಿ, ಬ್ರೆಡ್ ಕಪಾಟಿನ ಮೇಲೆ. ಕೂರಿಸಲು ಬಂದವನು ಗೋಡೆ ಗಡಿಯಾರ ನೋಡಿ ನನಗೆ ಗಂಟೆ ತುಂಬಿದ. ಬೇರೊಂದು ಗಂಟೆ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಅಲ್ಲಿ ಟೋಸ್ಟ್ ಕಟ್ಟುವ ಗಂಗವ್ವ ಸೆರಗಿನ ತುದಿಯಿಂದ ನನ್ನ ಧೂಳು ಒರೆಸುತ್ತಿದ್ದಳು. ಫಕ್ಕೀರಪ್ಪ ಅವಳ ಗಂಡ.

ಆ ಸಂಜೆ ಬೇಕರಿಯ ಎದುರಿನ ಆ ಗಲ್ಲಿಯಲ್ಲಿ ಕಳ್ಳರು ಒಬ್ಬ ನಿವೃತ್ತ ಶಿಕ್ಷಕಿಯ ಸರ ಕಿತ್ತರು. ಹಿಂದಿನಿಂದ ಬಂದದ್ದರಿಂದ ಶಿಕ್ಷಕಿಗೆ ಮುಖವೂ ಗಾಡಿಯೂ ಕಾಣಲಿಲ್ಲ. ಕೂಡಲೇ ಪೊಲೀಸರಿಗೆ ಫೋನ್ ಮಾಡಿದರು. ಆಗ ಆರು ಇಪ್ಪತ್ತು. ಮರುದಿನ ಪೊಲೀಸರು ಆ ಹೊತ್ತಿನ ಚಿತ್ರ ಹುಡುಕಿದರು. ಆರು ಹತ್ತೊಂಬತ್ತಕ್ಕೆ ಆಟೋ ಸಿಕ್ಕಿತು. ಫಕ್ಕೀರಪ್ಪನನ್ನು ಕರೆದೊಯ್ದರು, ನನ್ನನ್ನೂ.

ಅರಗಿನ ಮುದ್ರೆ ಬಿತ್ತು; ಕೇಸಿನ ಸಾಕ್ಷ್ಯವಸ್ತುವಾದ ನನಗೆ ಮುದ್ದೆಮಾಲು ಎಂಬ ಹೆಸರು ಬಂತು. ಹೊಸ ಸಾಕ್ಷ್ಯ ಕಾಯ್ದೆಯ ಅರವತ್ತಮೂರನೇ ಕಲಮಿನ ಪ್ರಕಾರ ನನ್ನ ಜೊತೆ ಒಂದು ಪ್ರಮಾಣಪತ್ರ ಇರಬೇಕಿತ್ತು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಅಚ್ಚಾದ ಸಾಲಿನ ಕೆಳಗೆ ವಿರೂಪಾಕ್ಷಪ್ಪ ಓದದೆ ಸಹಿ ಹಾಕಿದರು. ತಜ್ಞರು ಅರವತ್ತನಾಲ್ಕು ಅಕ್ಷರ, ಅಂಕಿಗಳ ಒಂದು ಹ್ಯಾಶ್ ಬರೆದರು. ದಾಖಲೆಯಲ್ಲಿ ಚೂರು ಬದಲಾದರೂ ಅದು ಬದಲಾಗುತ್ತದಂತೆ.

ಎಂಟು ತಿಂಗಳು ನಾನು ಮುದ್ದೆಮಾಲು ಕೋಣೆಯಲ್ಲಿದ್ದೆ. ಜಾಮೀನಿಗೆ ಜನ ಸಿಗದೆ ಫಕ್ಕೀರಪ್ಪ ಜೈಲಿನಲ್ಲಿದ್ದ.

ವಿಚಾರಣೆಯ ದಿನ ಕೋರ್ಟಿನಲ್ಲಿ ಚಿತ್ರ ಹಾಕಿದರು. ಆರರಿಂದ ಆರೂವರೆ, ಅಷ್ಟೇ. ಹ್ಯಾಶ್ ತಾಳೆಯಾಯಿತು. ಪರದೆಯ ಮೂಲೆಯ ಅಂಕಿಗಳನ್ನು ಗಂಗವ್ವ ನೋಡಿದ್ದು ಅದೇ ಮೊದಲು. ಊಟದ ಬಿಡುವಿನಲ್ಲಿ, ಪೇದೆ ನನ್ನನ್ನು ಇಟ್ಟಿದ್ದ ಬೆಂಚಿನ ಬಳಿಯೇ ಮಾಲೀಕರನ್ನು ತಡೆದಳು.

"ಸಾವ್ಕಾರ್ರ, ಅದು ನಮ್ಮ ಅಂಗಡಿ ಟೈಮ್ ಐತ್ರಿ. ಊರ ಟೈಮ್ ಅಲ್ಲ. ಹೇಳ್ರಿ ಒಳಗ."

"ಯಂತ್ರ ಸರಿ ಐತಿ ಅಂತ ಸಹಿ ಹಾಕೀನಿ ಗಂಗವ್ವ. ಈಗ ಅಲ್ಲ ಅಂದ್ರ ನನ್ನನ್ನ ಒಳಗ ಹಾಕ್ತಾರ."

"ಒಂದ ನಿಮಿಷ ತಡ ಆದ್ರ ಆ ಗಡಿಯಾರ ತೋರಿಸಿ ನಮ್ಮ ಮರ್ಯಾದಿ ತಗೀತಿದ್ರಿ. ಈಗ ನಿಮಗ ಅದು ಕಾಣವಲ್ದನು?"

ಮಧ್ಯಾಹ್ನ ವಿರೂಪಾಕ್ಷಪ್ಪ ಸಾಕ್ಷಿಕಟ್ಟೆ ಹತ್ತಿದರು. ಗಂಗವ್ವನ ಮಾತು ಕೇಳಿದ್ದ ಫಕ್ಕೀರಪ್ಪನ ಪರ ವಕೀಲೆ ಒಂದೇ ಪ್ರಶ್ನೆ ಹಾಕಿದರು: ನಿಮ್ಮ ಗೋಡೆ ಗಡಿಯಾರ ಎಷ್ಟು ಮುಂದಿರುತ್ತದೆ?

ಅವರು ಕಟಕಟೆಯ ಕಂಬಿ ಹಿಡಿದು ಹೇಳಿದರು: "ಹದಿನೈದು ನಿಮಿಷ್ರಿ."

"ಯಾಕೆ?" ನ್ಯಾಯಾಧೀಶರು ಕೇಳಿದರು.

"ಕೆಲಸದವ್ರು ಹೊತ್ತಿಗೆ ಬರಲಿ ಅಂತ್ರಿ ಸಾಹೇಬ್ರ. ಎಲ್ಲಾ ಅಂಗಡ್ಯಾಗೂ ಹಂಗ ಇಟ್ಟಿರ್ತಾರ್ರಿ."

ಯಾರೋ ನಕ್ಕರು. ನ್ಯಾಯಾಧೀಶರು ಕೋರ್ಟಿನ ಗೋಡೆ ಗಡಿಯಾರದತ್ತ ಒಮ್ಮೆ ನೋಡಿ, ನನ್ನಲ್ಲಿದ್ದ ಮುಂದಿನ ಭಾಗ ಹಾಕಿಸಿದರು. ನನ್ನ ಆರು ಮೂವತ್ತಮೂರಕ್ಕೆ, ಅಂದರೆ ಊರಿನ ಆರು ಹದಿನೆಂಟಕ್ಕೆ, ಹೆಲ್ಮೆಟ್ ಹಾಕಿದ ಇಬ್ಬರು ಬೈಕಿನಲ್ಲಿ ಗಲ್ಲಿಯಿಂದ ಹಾರಿದಂತೆ ಹೊರಬಿದ್ದರು. ಹಿಂದೆ ಕೂತವನ ಕೈಯಲ್ಲಿ ಏನೋ ಮಿನುಗಿತು. ಆಟೋ ಹೊರಬಂದಾಗ ಊರಿನಲ್ಲಿ ಆರು ನಾಲ್ಕು; ಶಿಕ್ಷಕಿಯ ಸರ ಇನ್ನೂ ಕೊರಳಲ್ಲೇ ಇತ್ತು.

ಫಕ್ಕೀರಪ್ಪನ ಬಿಡುಗಡೆಯಾಯಿತು. ಸಹಿಯ ವಿಷಯಕ್ಕೆ ವಿರೂಪಾಕ್ಷಪ್ಪನವರಿಗೆ ಎಚ್ಚರಿಕೆ ಸಿಕ್ಕಿತು.

ನನಗೆ ಈಗಲೂ ಬಗೆಹರಿದಿಲ್ಲ. ನನ್ನನ್ನು ಯಾರೂ ತಿದ್ದಿಲ್ಲವೆಂದು ಹ್ಯಾಶ್ ಹೇಳಿತು; ಅದು ನಿಜ. ನಾನು ಒಂದು ಕ್ಷಣವೂ ನಿಂತಿರಲಿಲ್ಲ, ಅದೂ ನಿಜ. ಗಂಟೆ ಎಲ್ಲಿಂದ ಬಂತೆಂದು ಕೇಳುವ ಸಾಲು ಆ ಕಾಗದದಲ್ಲಿ ನನಗೆ ಕಾಣಲಿಲ್ಲ. ಹಾಗಾದರೆ ಎಂಟು ತಿಂಗಳು ಒಬ್ಬನನ್ನು ಒಳಗಿಟ್ಟ ತಪ್ಪು ಯಾರದು? ಬೈಕ್ ನನ್ನೊಳಗೇ ಇತ್ತಲ್ಲ. ಯಾರೂ ಕೇಳಲಿಲ್ಲ, ನಾನಾಗಿ ಹೇಳಲು ನನಗೆ ಬರುವುದಿಲ್ಲ.

ಈಗ ನಾನು ಬೇಕರಿಯ ಉಗ್ರಾಣದಲ್ಲಿ, ಮೈದಾ ಚೀಲಗಳ ಹಿಂದೆ ಇದ್ದೇನೆ. ನನ್ನ ಜಾಗದ ಹೊಸ ಯಂತ್ರ ಇಂಟರ್ನೆಟ್ಟಿನಿಂದ ಗಂಟೆ ತೆಗೆದುಕೊಳ್ಳುತ್ತದೆ. ತೀರ್ಪಿನ ಮರುದಿನವೇ ವಿರೂಪಾಕ್ಷಪ್ಪ ಸ್ಟೂಲು ಹತ್ತಿ ಗೋಡೆ ಗಡಿಯಾರ ಸರಿಮಾಡಿದರು.

ಎಂಟನೇ ದಿನಕ್ಕೆ ಅದು ಮತ್ತೆ ಹದಿನೈದು ನಿಮಿಷ ಮುಂದಿತ್ತು.