ಟೈಲ್ಸ್ ವ್ಯಾಪಾರಿಯ ಕೋವಿ

ರುಡಾಲ್ಫ್ ಸ್ಟೇನ್‌ಕಾಂಪ್ ಜೊಹಾನ್ಸ್‌ಬರ್ಗಿನಲ್ಲಿ ಬಚ್ಚಲುಮನೆಯ ಟೈಲ್ಸ್ ಮಾರುವವನು. ಅವನು ಔಟ್ಯೋ ಎಂಬ ಊರಿನ ಹತ್ತಿರದ ನಮ್ಮ ಫಾರ್ಮಿಗೆ ಬೇಟೆಗೆ ಬರುವ ಆರು ತಿಂಗಳು ಮೊದಲೇ ಹನ್ನೆಲಿ ಮೇಡಂ ಅವನಿಗೆ ಬರೆದಿದ್ದರು: ಕೈಗೆ ಪಳಗಿದ ಕೋವಿ ತನ್ನಿ, ಮುನ್ನೂರೆಂಟರ ಅಳತೆಯದಾದರೆ ಸಾಕು, ಮೂಳೆಗೆ ಬಡಿದರೂ ಚೂರಾಗದ ಗಟ್ಟಿ ಗುಂಡು ಇರಲಿ. ಗಂಡ ಸತ್ತ ಮೇಲೆ ಫಾರ್ಮು, ಬೇಟೆಯ ಲೈಸೆನ್ಸು ಎರಡೂ ಅವರದೇ. ಪ್ರಾಣಿಯ ಹೆಜ್ಜೆ ಹಿಡಿದು ಮುಂದೆ ನಡೆಯುವವನು ನಾನು, ಪೆಟ್ರುಸ್ ಹೋಸೆಬ್. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ಅವನು ತಂದದ್ದು ಅಂಗಡಿಯ ಎಣ್ಣೆವಾಸನೆಯೂ ಹೋಗಿರದ ಮುನ್ನೂರ ಮೂವತ್ತೆಂಟರ ಮ್ಯಾಗ್ನಮ್ ಎಂಬ ಭಾರಿ ಕೋವಿ. ಮೇಲಿನ ದುರ್ಬೀನು ಥರ್ಮಾಸ್ ಫ್ಲಾಸ್ಕಿನಷ್ಟು ದಪ್ಪ. ಗುಂಡೋ, ಬಡಿದ ಕೂಡಲೇ ಒಡೆದು ಹರಡುವ ತೆಳುಜಾತಿ. ಯಾಕೆ ತಂದಿರಿ ಎಂದು ಕೇಳಿದರೆ ಗಾಳಿ, ದೂರ, ವೇಗ ಎಂದು ಅರ್ಧ ಗಂಟೆ ಹೇಳಿದ. ಎಲ್ಲವೂ ಬಾಯಿಪಾಠ.

ಸಂಜೆ ಹಲಗೆಗೆ ಗುರಿಯಿಡಲು ಹೇಳಿದೆವು. ಮೊದಲ ಗುಂಡಿಗೇ ದುರ್ಬೀನು ಹಿಂದಕ್ಕೆ ಬಂದು ಅವನ ಹುಬ್ಬು ಸೀಳಿತು. ಮೇಡಂ ರಕ್ತ ಒರೆಸಿ, ಅವನಿಗೆ ಗೊತ್ತಾಗದಂತೆ ಕೋವಿಗೆ ಮದ್ದಿಲ್ಲದ ಹುಸಿ ತೋಟಾ ಹಾಕಿ ಕೊಟ್ಟರು. ಅವನು ಟ್ರಿಗರ್ ಎಳೆದ. ಸದ್ದೇ ಬರಲಿಲ್ಲ. ಆದರೆ ಅವನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ನಳಿಗೆ ನೆಲ ನೋಡುತ್ತಿತ್ತು.

"ಕೋವೀಲಿ ದೋಷ ಇಲ್ಲ ಸ್ಟೇನ್‌ಕಾಂಪ್ ಅವ್ರೆ, ನೀವು ಅದಕ್ಕೆ ಹೆದರ್ತಿದ್ದೀರಿ. ನಾಳೆ ನನ್ನ ಕೋವಿ ತಗೊಳ್ಳಿ."

"ಅದು ಹೆಂಗಸ್ರ ಕೋವಿ ಮೇಡಂ. ನರಿ ಓಡ್ಸೋಕೆ ಸರಿ."

ಆಗಲೇ ಅವನ ಪೆಟ್ಟಿಗೆ ಕಾರಿಗೆ ಹಾಕಿಸಬೇಕಿತ್ತು. ಮೇಡಂ ಸುಮ್ಮನಾದರು. ಗಿರಾಕಿಯನ್ನು ಕಳೆದುಕೊಳ್ಳುವ ಭಯ. ಅವನ ಮೇಲೆ ನನಗಿದ್ದ ಅಸಹ್ಯದಲ್ಲಿ ಸ್ವಲ್ಪ ಆ ರಾತ್ರಿ ಅವರ ಪಾಲಿಗೂ ಹೋಯಿತು.

ಮರುದಿನ ಬೆಳಿಗ್ಗೆ ಓರಿಕ್ಸ್ ಸಿಕ್ಕಿತು, ಈಟಿಯಂಥ ಕೊಂಬಿನ ದೊಡ್ಡ ಹುಲ್ಲೆ. ಒಂಟಿ ಗಂಡು, ನೂರಿಪ್ಪತ್ತು ಹೆಜ್ಜೆ ದೂರದಲ್ಲಿ, ಅಡ್ಡಕ್ಕೆ ನಿಂತಿತ್ತು. ಅದಕ್ಕಿಂತ ಸುಲಭ ಬೇಕೆಂದರೆ ಕಟ್ಟಿಹಾಕಿ ಕೊಡಬೇಕು. ಇವನು ಹೊಟ್ಟೆಗೆ ಹೊಡೆದ. ಪ್ರಾಣಿ ಬೆನ್ನು ಬಗ್ಗಿಸಿ ಪೊದೆಗಳೊಳಗೆ ಹೋಯಿತು. ಗಾಳಿಯಿಂದ ಹೀಗಾಯಿತು ಎಂದ. ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ.

ಐದು ಗಂಟೆ ಹೆಜ್ಜೆ ಹಿಡಿದು ನಡೆದೆ. ರಕ್ತ ಕಡಿಮೆ, ಹೊಟ್ಟೆಯೊಳಗಿನ ಹಸಿರು ರಸವೇ ಹೆಚ್ಚು. ಅದು ಮೂರು ಕಡೆ ಮಲಗಿ ಎದ್ದಿತ್ತು. ಹಿಂದೆ ಸ್ಟೇನ್‌ಕಾಂಪ್ ನೀರು ಕೇಳುತ್ತಿದ್ದ, ಇನ್ನೆಷ್ಟು ದೂರ ಎಂದು ಕೇಳುತ್ತಿದ್ದ, ಕಾಲಿಗೆ ಬೊಬ್ಬೆ ಎಂದು ಹೇಳುತ್ತಿದ್ದ. ಮುಂದೆ ಹೋಗುತ್ತಿದ್ದ ಜೀವದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೊನೆಗೆ ಒಂದು ಮುಳ್ಳುಮರಕ್ಕೆ ಹಿಂಭಾಗ ಒತ್ತಿ, ಕೊಂಬು ನಮ್ಮತ್ತ ಚಾಚಿ ನಿಂತಿತ್ತು. ಅವನು ಎರಡು ಗುಂಡು ಹಾರಿಸಿದ. ಎರಡೂ ಮರಕ್ಕೆ ಬಿದ್ದವು. ಮೇಡಂ ತಮ್ಮ ಹಳೆಯ ಮುನ್ನೂರೆಂಟನ್ನು ನನ್ನ ಕೈಗಿಟ್ಟರು. ಓರಿಕ್ಸ್‌ನ ಹೃದಯ ಎದೆಯ ಕೆಳಗಡೆ, ಮುಂಗಾಲಿಗೆ ಅಂಟಿಕೊಂಡಂತೆ ಇರುತ್ತದೆ. ಒಂದೇ ಗುಂಡು ಸಾಕಾಯಿತು.

ಸ್ಟೇನ್‌ಕಾಂಪ್ ಹುಬ್ಬಿನ ಪಟ್ಟಿ ಸರಿಮಾಡಿಕೊಂಡು, ಅಸಲಿಗೆ ಕೆಲಸ ಮುಗಿಸಿದ್ದು ತನ್ನ ಮೊದಲ ಗುಂಡೇ ಎಂದ. ಆಮೇಲೆ ಫೋಟೊ ತೆಗೆಯಲು ಫೋನ್ ಮೇಡಂ ಕೈಗೆ ಕೊಟ್ಟು ಕೊಂಬಿನ ಪಕ್ಕ ಮಂಡಿಯೂರಿದ.

"ಏ ಪೆಟ್ರುಸ್, ಆ ಹೊಟ್ಟೆ ಗಾಯ ಕಾಣದ ಹಾಗೆ ಆ ಕಡೆ ಹೊರಳ್ಸು."

"ಅದು ನಿಮ್ದೇ ಗುಂಡಲ್ವಾ ಸ್ವಾಮಿ," ಎಂದೆ. "ಕಾಣ್ಲಿ ಬಿಡಿ."

ಅವನು ಮೇಡಂ ಕಡೆ ನೋಡಿದ. ನನ್ನನ್ನು ಬೈಯುತ್ತಾರೆಂದು ಕಾದ. ಮೇಡಂ ಫೋನನ್ನು ಅವನ ಜೇಬಿಗೆ ವಾಪಸ್ ತುರುಕಿ ಇಷ್ಟೇ ಹೇಳಿದರು: "ನಾಳೆ ನನ್ನ ಕೋವೀಲಿ ಹೊಡೀತೀರಿ. ಇಲ್ಲಾಂದ್ರೆ ಹೊರಡ್ತೀರಿ. ನಿನ್ನೇನೇ ಹೇಳ್ಬೇಕಿತ್ತು ನಾನು. ಹೇಳ್ಲಿಲ್ಲ, ಅದು ನನ್ನ ತಪ್ಪು."

ಕೊನೆಯ ಮಾತು ಅವರು ಹೇಳಿದ್ದು ಅವನಿಗಲ್ಲ, ಸತ್ತ ಪ್ರಾಣಿಯನ್ನು ನೋಡಿಕೊಂಡು. ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹೊಟ್ಟೆ ಸೀಳಿದಾಗ ಒಳಗೆಲ್ಲ ಒಡೆದ ಗುಂಡಿನ ತವರದಂಥ ಚೂರು, ಕೊಳೆತ ನಾತ. ಕೂಲಿಯವರ ಮನೆಗಳಿಗೆ ಹೋಗಬೇಕಿದ್ದ ಮಾಂಸದಲ್ಲಿ ಅರ್ಧ ಹದ್ದುಗಳ ಪಾಲಾಯಿತು.

ಮರುದಿನ ಅವನು ಮೇಡಂ ಕೋವಿಯಿಂದ ಒಂದು ಸ್ಪ್ರಿಂಗ್‌ಬಕ್ ಹೊಡೆದ. ಭುಜದ ಹಿಂದೆ ಒಂದೇ ಗುಂಡು, ಜಿಂಕೆ ನಿಂತಲ್ಲೇ ಕುಸಿಯಿತು. ನಿಜಕ್ಕೂ ಚೆನ್ನಾಗಿ ಹೊಡೆದಿದ್ದ. ನಾನು ಹಾಗೆಂದು ಹೇಳಿಯೂ ಹೇಳಿದೆ. ಅವನ ಮುಖ ಮಾತ್ರ ಯಾರೋ ಬೈದಂತೆ ಕಪ್ಪಿಟ್ಟಿತು. ಫೋಟೊ ಬೇಡ ಎಂದ.

ಹೊರಡುವಾಗ ಓರಿಕ್ಸ್‌ನ ಕೊಂಬನ್ನು ಕಂಬಳಿಯಲ್ಲಿ ಸುತ್ತಿಸಿಕೊಂಡ. ಜಿಂಕೆಯ ಪುಟ್ಟ ಕೊಂಬನ್ನು ಮರೆತವನಂತೆ ಕಟ್ಟೆಯ ಮೇಲೆ ಬಿಟ್ಟುಹೋದ.